ಎಷ್ಟು ಪರ್ಸೆಂಟ್ ಬ್ಲಾಕ್ ಎಂದಷ್ಟೇ ಕೇಳಬೇಡ

ಪುಟ್ಟಾ, ನೀನು ಕಳಿಸಿದ ಹೆಲ್ತ್ ಚೆಕಪ್ ರಿಪೋರ್ಟ್ ಓದಿದೆ. ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್, ತೂಕವೂ ಸರಿಯಿದೆ, ಚಿಂತೆಯಿಲ್ಲ ಅತ್ತೆ ಅಂತ ಬರೆದಿದ್ದೀಯ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 148 ಇದೆ. ಅದರ ಬಗ್ಗೆ ಒಂದು ಮಾತೂ ಇಲ್ಲ. ಅದಕ್ಕೇ ಈ ಪತ್ರ.

ಪುಣೆಯಲ್ಲಿ ಪೆಥಾಲಜಿ ಕಲಿಸುತ್ತಲೇ ತಲೆ ನರೆತವಳು ನಾನು. ಪೋಸ್ಟ್‌ಮಾರ್ಟಮ್‌ನಲ್ಲಿ ಹೃದಯದ ರಕ್ತನಾಳವನ್ನು ಮೂರು ಮಿಲಿಮೀಟರಿಗೊಂದು ಸಲ ಅಡ್ಡಕ್ಕೆ ಕೊಯ್ಯುತ್ತಾ ಹೋಗುತ್ತೇವೆ. ಹಳೆಯ, ಸುಣ್ಣಗಟ್ಟಿದ ಜಾಗ ಬಂದಾಗ ಬ್ಲೇಡಿಗೆ ಕರಕರ ತಾಗುತ್ತದೆ. ಅಲ್ಲಿ ನಾಳ ಕಿರಿದಾಗಿರುತ್ತದೆ ನಿಜ, ಆದರೆ ಪ್ರಾಣ ಹೋದದ್ದು ಎಷ್ಟೋ ಸಲ ಅಲ್ಲಿಂದಲ್ಲ. ಇನ್ನೊಂದು ಕಡೆ ಬ್ಲೇಡ್ ಸಲೀಸಾಗಿ ಇಳಿಯುತ್ತದೆ, ಹಳದಿ ಬಣ್ಣದ ಮೆತ್ತನೆಯ ತಿರುಳು ಒಸರುತ್ತದೆ. ಅದರ ಮೇಲಿನ ಪೊರೆ ಒಂದು ಅಂಚಿನಲ್ಲಿ ಹರಿದಿರುತ್ತದೆ. ಆ ಹರಕಿಗೆ ಕಚ್ಚಿಕೊಂಡೇ ರಕ್ತದ ಹೆಪ್ಪು ಕೂತಿರುತ್ತದೆ.

ಆ ತಿರುಳು ಒಂದು ದಿನದಲ್ಲಿ ಆದದ್ದಲ್ಲ. ಎಲ್‌ಡಿಎಲ್ ಕಣಗಳು ನಾಳದ ಒಳಪದರದ ಕೆಳಗೆ ನುಸುಳಿ ಸಿಕ್ಕಿಹಾಕಿಕೊಳ್ಳುತ್ತವೆ. ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿ ಊದಿ, ಅಲ್ಲೇ ಸಾಯುತ್ತವೆ. ಸ್ನಾಯುಕೋಶಗಳು ಕೊಲಾಜೆನ್ ನೇಯ್ದು ಮೇಲೊಂದು ಪೊರೆ ಹಾಕುತ್ತವೆ. ಒಳಗೆ ಉರಿಯೂತ ಹೆಚ್ಚಾದರೆ ಬಿಳಿಕಣಗಳ ಕಿಣ್ವಗಳು ಅದೇ ಪೊರೆಯನ್ನು ಕರಗಿಸಿ, ಮಾಗಿದ ಕುರುವಿನ ಚರ್ಮದಷ್ಟು ತೆಳ್ಳಗೆ ಮಾಡುತ್ತವೆ. ದಿಲ್ಲಿಯಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ರೇಣು ವಿರ್ಮಾನಿ ಮತ್ತು ಜೊತೆಗಾರರು 1997ರಲ್ಲಿ ಹರಿದ ಪೊರೆಗಳನ್ನು ಅಳೆದು ಪ್ರಕಟಿಸಿದರು: ಹೆಚ್ಚುಕಡಿಮೆ ಎಲ್ಲವೂ 65 ಮೈಕ್ರಾನ್‌ಗಿಂತ ತೆಳು. ಅಂದರೆ ಒಂದು ಮಿಲಿಮೀಟರನ್ನು ಹದಿನೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಈಗ ನಿನ್ನ ಟ್ರೆಡ್‌ಮಿಲ್‌ಗೆ ಬರೋಣ. ಅದು ನೋಡುವುದು ಓಡುವಾಗ ಹೃದಯಕ್ಕೆ ಸಾಕಷ್ಟು ರಕ್ತ ಸಿಗುತ್ತದೋ ಇಲ್ಲವೋ ಎಂಬುದನ್ನು. ತಿರುಳು, ಪೊರೆ ಸೇರಿದ ಈ ಮೆತ್ತನೆಯ ಪ್ಲಾಕ್ ದಾರಿಗೆ ಅಡ್ಡ ಬಾರದೆ ಗೋಡೆಯಲ್ಲೇ ಬೆಳೆದಿದ್ದರೆ ಟ್ರೆಡ್‌ಮಿಲ್‌ಗೆ ಗೊತ್ತಾಗುವುದೇ ಇಲ್ಲ. 1988ರಲ್ಲಿ ಅಮೆರಿಕದ ವಿಲಿಯಂ ಲಿಟ್ಲ್ ತಂಡ, ಹೃದಯಾಘಾತಕ್ಕೆ ಮುಂಚೆಯೇ ಆಂಜಿಯೋಗ್ರಾಮ್ ಆಗಿದ್ದ 29 ರೋಗಿಗಳ ಹಳೆಯ ಚಿತ್ರಗಳನ್ನು ತೆಗೆದು ನೋಡಿತು. ಅವರಲ್ಲಿ 19 ಜನರಿಗೆ, ಮುಂದೆ ಮುಚ್ಚಿಹೋದ ನಾಳದಲ್ಲಿ ಆಗ ಇದ್ದ ಬ್ಲಾಕ್ ಶೇಕಡಾ 50ಕ್ಕಿಂತ ಕಡಿಮೆ. ದೊಡ್ಡ ಬ್ಲಾಕ್ ನಿರಪಾಯ ಅಂತ ಇದರರ್ಥವಲ್ಲ. ಸಣ್ಣವು ಸಂಖ್ಯೆಯಲ್ಲಿ ಹೆಚ್ಚು, ನೋವು ಕೊಡದೆ ಇರುತ್ತವೆ. ಇನ್ನೊಂದು ಮಾತು: ಪೊರೆ ಹರಿಯದೆಯೂ, ಮೇಲ್ಪದರ ಸವೆದು ಹೆಪ್ಪು ಕಟ್ಟುವುದುಂಟು. ಹರೆಯದವರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ ಅದನ್ನು ಕಾಣುತ್ತೇವೆ. ಹಿಂಜವಡಿಯ ಟಪರಿಯಲ್ಲಿ ಚಹಾದ ಜೊತೆಗೆ ಹಚ್ಚುತ್ತೀಯಲ್ಲ, ಅದನ್ನು ಇವತ್ತೇ ಬಿಡು. ಇದರಲ್ಲಿ ನಾನು ಚೌಕಾಸಿಗೆ ತಯಾರಿಲ್ಲ.

ತೆಳ್ಳಗಿದ್ದೇನೆ ಅನ್ನುವ ಧೈರ್ಯವೂ ಬೇಡ. ನಮ್ಮೂರಿನ ರಾಸ್ತಾ ಪೇಟೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ 1993ರಿಂದ ಪುಣೆ ಸುತ್ತಲಿನ ಆರು ಹಳ್ಳಿಗಳ ತಾಯಿ-ಮಕ್ಕಳನ್ನು ಅಧ್ಯಯನ ಮಾಡುತ್ತ ಬಂದವರು. ಅಲ್ಲಿನ ಕೂಸುಗಳ ಹುಟ್ಟಿದಾಗಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನವರದು 3.5. ನಮ್ಮ ಮಕ್ಕಳಲ್ಲಿ ಸ್ನಾಯು ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. 2004ರಲ್ಲಿ ಯಾಜ್ಞಿಕರು ತಮ್ಮದೂ ಇಂಗ್ಲೆಂಡಿನ ಗೆಳೆಯ ಜಾನ್ ಯುಡ್ಕಿನ್ನರದೂ ಫೋಟೋ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಅಕ್ಕಪಕ್ಕ ಹಾಕಿದರು. ಇಬ್ಬರ ಬಿಎಂಐ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ನರಿಗೆ ಶೇಕಡಾ 9.1, ಯಾಜ್ಞಿಕರಿಗೆ 21.2! ಆದ್ದರಿಂದ ತೂಕದ ಜೊತೆಗೆ ಸೊಂಟದ ಸುತ್ತಳತೆ, ಸಕ್ಕರೆಯ ಎಚ್‌ಬಿಎ1ಸಿ ಪರೀಕ್ಷೆ ಎರಡನ್ನೂ ನೋಡಿಸು. ಲಿಪೊಪ್ರೋಟೀನ್ (ಎ) ಅನ್ನುವ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ಅದು ಬಹುಮಟ್ಟಿಗೆ ವಂಶದಿಂದ ಬರುವಂಥದ್ದು.

ಇಪ್ಪತ್ತೇಳಕ್ಕೆ ಇದೆಲ್ಲ ಯಾಕೆ ಅನ್ನಬೇಡ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿ 1953ರಲ್ಲಿ ವರದಿ ಮಾಡಿದರು. ಅವರ ಸರಾಸರಿ ವಯಸ್ಸು 22. ನಾಲ್ವರಲ್ಲಿ ಮೂವರಿಗೆ ಆಗಲೇ ಈ ರೋಗದ ಗುರುತು ಕಣ್ಣಿಗೆ ಕಾಣುವಷ್ಟಿತ್ತು.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಪ್ಲಾಕ್ ಬದಲಾಗುತ್ತದೆ. ಎಲ್‌ಡಿಎಲ್ ಚೆನ್ನಾಗಿ ಇಳಿಸಿದರೆ ತಿರುಳು ಕುಗ್ಗುತ್ತದೆ, ಪೊರೆ ದಪ್ಪಗಾಗುತ್ತದೆ, ಉರಿಯೂತ ತಣಿಯುತ್ತದೆ. ಅದನ್ನು ಇಳಿಸುವ ಸ್ಟಾಟಿನ್ ಮಾತ್ರೆ ಶುರುವಾದ ಮೇಲೆ ಕೆಲವರ ಸ್ಕ್ಯಾನ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚಾದಂತೆ ಕಾಣುತ್ತದೆ, ಜನ ಗಾಬರಿಯಾಗಿ ಮಾತ್ರೆ ನಿಲ್ಲಿಸುತ್ತಾರೆ. ಮೆತ್ತಗಿದ್ದದ್ದು ಗಟ್ಟಿಯಾಗುತ್ತಿರುವ ಲಕ್ಷಣವೂ ಅದಾಗಿರಬಹುದು. ನಿನಗೆ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಲಿ. ಅವರ ಮುಂದೆ ಕೂತಾಗ ಅಪ್ಪನಿಗೆ ನಲವತ್ತೊಂಬತ್ತಕ್ಕೇ ಸ್ಟೆಂಟ್ ಹಾಕಿದ್ದನ್ನು ಹೇಳಲು ಮರೆಯಬೇಡ.

ಅವನು ನನ್ನ ತಮ್ಮ, ಅವನ ಹಟ ನನಗೆ ಗೊತ್ತು. ಬ್ಲಾಕ್ ತೆಗೆದರಲ್ಲ, ಇನ್ನು ಯಾಕೆ ಗುಳಿಗೆ ಅಂತ ಹೋದ ಸಲ ಧಾರವಾಡಕ್ಕೆ ಹೋದಾಗ ನನ್ನೆದುರೇ ಅಂದ. ಸ್ಟೆಂಟ್ ತೆರೆದದ್ದು ಒಂದು ಜಾಗ. ಉಳಿದ ನಾಳಗಳ ಉದ್ದಕ್ಕೂ ಇರುವ ಪ್ಲಾಕ್‌ಗಳನ್ನು ನೋಡಿಕೊಳ್ಳುವುದು ಆ ಗುಳಿಗೆಗಳೇ. ಅಕ್ಕ ಹೇಳಿದರೆ ಜಗಳ ಮಾಡುತ್ತಾನೆ, ಮಗ ಕೇಳಿದರೆ ಇಲ್ಲವೆನ್ನಲಾರ. ರಾತ್ರಿ ಫೋನ್ ಹಚ್ಚು. ಗುಳಿಗೆಯ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಒಂದೊಂದರ ಹೆಸರನ್ನೂ ಓದಿ ಹೇಳಿಸು, ಬರೆದುಕೊಂಡು ನನಗೆ ಕಳಿಸು.