ಬಾಲಮಂದಿರದಲ್ಲಿ ಬಾಳಿಕೆ ಬರಲು ಹನ್ನೊಂದು ಸೂತ್ರ

ಮಂಗಳೂರಿನಲ್ಲಿ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ನಸುಕಿಗೆ ಎರ್ನಾಕುಳಂ, ತಿಂಡಿಯ ಹೊತ್ತಿಗೆ ತಿರುವನಂತಪುರ. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ, ಆ ಎರಡು ಊರುಗಳ ಬಾಲಮಂದಿರ, ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಕ್ಕಳ ವೀಕ್ಷಣಾಲಯ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ನಿರ್ಭಯ ಹೋಂಗಳಲ್ಲಿ ಕೆಲಸ ಹುಡುಕುವ ಕಾಸರಗೋಡು, ದಕ್ಷಿಣ ಕನ್ನಡದ ಎಳೆಯರಿಗೆ ಈ ಮಾತುಗಳು. ಕೇರಳಕ್ಕೇ ಯಾಕೆ ಎಂದರೆ, ಅಲ್ಲಿ ಈ ವಿದ್ಯೆ ಬೇರು ಬಿಟ್ಟು ಬಹುಕಾಲವಾಯಿತು. ಕೊಚ್ಚಿಯ ಪಕ್ಕದ ಕಳಮಶ್ಶೇರಿಯಲ್ಲಿ ರಾಜಗಿರಿ ಕಾಲೇಜು, ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರ ಲೊಯೊಲಾ ಕಾಲೇಜು ತಲೆಮಾರುಗಳಿಂದ ಸಮಾಜಕಾರ್ಯ ಕಲಿಸುತ್ತಿವೆ. 2017ರಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆಂದೇ ಪ್ರತ್ಯೇಕ ಇಲಾಖೆಯೂ ಬಂತು.

ಈ ಕೆಲಸದಲ್ಲಿ ಗೆದ್ದವರು ಯಾರು? ಮಮತೆ ತುಂಬಿ ತುಳುಕುವವರು ಎಂದು ಹೊರಗಿನವರು ತಿಳಿಯುತ್ತಾರೆ. ನನ್ನ ಲೆಕ್ಕ ಬೇರೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಮತ್ತೆ ಕಾಣಿಸುವವರು ಗೆದ್ದವರು. ಕೆಳಗಿನ ಸೂತ್ರಗಳೆಲ್ಲ ಆ ಒಂದು ಮಾತಿನ ಸುತ್ತ ಸುತ್ತುತ್ತವೆ.

1. ಸಂಬಳ ಕೇಳುವ ಮೊದಲು ನೋಂದಣಿ ಪತ್ರ ಕೇಳಿ

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿಯಾಗಿರಬೇಕು. ಸರ್ಕಾರದ್ದು, ಮಠದ್ದು, ಚರ್ಚಿನದು, ಯತೀಂಖಾನೆ ಯಾವುದಕ್ಕೂ ವಿನಾಯಿತಿಯಿಲ್ಲ. ನೋಂದಣಿಯ ಆಯುಷ್ಯ 5 ವರ್ಷ. ಅದಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. 2017ರ ಮೇ 5ರಂದು ಸುಪ್ರೀಂ ಕೋರ್ಟ್ ಈ ಬಗ್ಗೆ ಬಿಗಿಯಾದ ತೀರ್ಪು ಕೊಟ್ಟ ಮೇಲೆ, 1960ರ ಅನಾಥಾಲಯ ಕಾಯ್ದೆಯ ನೆರಳಿನಲ್ಲಿದ್ದ ಕೇರಳದ ಹಳೆಯ ಸಂಸ್ಥೆಗಳೂ ಹೊಸ ಕಾಯ್ದೆಗೆ ಒಳಪಡಬೇಕಾಯಿತು. ಒಪ್ಪದ ಕೆಲವು ಬಾಗಿಲು ಹಾಕಿಕೊಂಡವು.

ಸಂದರ್ಶನದಲ್ಲಿ ಇನ್ನೂ ಎರಡು ಪ್ರಶ್ನೆ ಕೇಳಿ. ತಪಾಸಣಾ ಸಮಿತಿ ಕೊನೆಯ ಬಾರಿ ಬಂದದ್ದು ಯಾವಾಗ? ಕಾಯ್ದೆ ಹೇಳುವಂತೆ ಅದು ಮೂರು ತಿಂಗಳಿಗೊಮ್ಮೆಯಾದರೂ ಬರಬೇಕು. ರಾತ್ರಿ ಮಕ್ಕಳ ಜೊತೆ ಎಷ್ಟು ಜನ ಇರುತ್ತಾರೆ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

2. 24 ಗಂಟೆ, 15 ದಿನ, 4 ತಿಂಗಳು: ಬಾಯಿಪಾಠ ಮಾಡಿ

ದಿಕ್ಕಿಲ್ಲದೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸಾಮಾಜಿಕ ತನಿಖಾ ವರದಿಗೆ 15 ದಿನ. ಸಮಿತಿಯ ಅಂತಿಮ ಆದೇಶಕ್ಕೆ 4 ತಿಂಗಳು. ವರದಿ ಬರೆಯುವವರು ಸಾಮಾನ್ಯವಾಗಿ ನೀವೇ. ನಿಮ್ಮ ವರದಿ ಒಂದು ವಾರ ತಡವಾದರೆ ಒಂದು ಮಗು ಒಂದು ವಾರ ಹೆಚ್ಚಿಗೆ ಬೀಗದೊಳಗೆ ಕೂರುತ್ತದೆ. ಕಾಗದದ ಕೆಲಸ ಬೇಸರವೆನ್ನುವವರು ಈ ಕಡೆ ಬರದಿದ್ದರೇ ಒಳ್ಳೆಯದು.

3. ಮಲಯಾಳ ಕಲಿತು ಹೋಗಿ, ಹಿಂದಿ ಮರೆಯಬೇಡಿ

ಕಾಸರಗೋಡಿನವರಿಗೆ ಮಲಯಾಳ ಬರುತ್ತದೆ, ನಿಜ. ಆದರೆ ತಿರುವನಂತಪುರದ ಮಕ್ಕಳ ವೇಗದ ಮಾತು ಅವರಿಗೂ ಮೊದಲ ತಿಂಗಳು ಅರ್ಧಂಬರ್ಧವೇ. ತಪ್ಪು ಮಾತಾಡಿ, ಮಕ್ಕಳು ನಗಲಿ, ತಿದ್ದಲಿ. ದೊಡ್ಡವರನ್ನು ತಿದ್ದುವ ಅವಕಾಶ ಆ ಮಕ್ಕಳಿಗೆ ಎಲ್ಲಿ ಸಿಕ್ಕಿದೆ?

ಎರ್ನಾಕುಳಂ ಜಿಲ್ಲೆಯ ಲೆಕ್ಕವೇ ಬೇರೆ. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಿಗೆ ಅಸ್ಸಾಂ, ಬಂಗಾಳ, ಒಡಿಶಾ, ಬಿಹಾರದ ಕುಟುಂಬಗಳು ಬಂದು ನೆಲೆಸಿವೆ. ಅವರ ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಜಿಲ್ಲಾಡಳಿತ 2017ರಲ್ಲಿ ‘ರೋಶ್ನಿ’ ಯೋಜನೆ ಶುರುಮಾಡಿ, ಮಕ್ಕಳ ಮನೆಮಾತು ಬಲ್ಲವರನ್ನೇ ಶಾಲೆಗೆ ಕರೆತಂದಿತು. ಬಾಲಮಂದಿರಕ್ಕೂ ಅದೇ ಪಾಠ. ಎರ್ನಾಕುಳಂ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿದ ಹುಡುಗನ ಭಾಷೆ ನಿಮಗೆ ಬಾರದಿದ್ದರೆ ಊಹಿಸಿ ವರದಿ ಬರೆಯಬೇಡಿ, ದುಭಾಷಿ ಕೇಳಿ. ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. ಹುಡುಗ ಕನ್ನಡದವನಾಗಿದ್ದರೆ? ಆ ಕಟ್ಟಡದಲ್ಲಿ ಅವನ ಮಾತು ತಿಳಿಯುವ ಒಬ್ಬರೇ ಒಬ್ಬರು ನೀವಿರಬಹುದು. ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಕೂರಿ, ಸಾಕು.

4. ಮೊದಲ ರಾತ್ರಿ ಪ್ರಶ್ನೆ ಬೇಡ

ಪೊಲೀಸರು ಕೇಳಿದ್ದಾರೆ, ಸಮಿತಿ ಕೇಳಿದೆ, ವೈದ್ಯರು ಕೇಳಿದ್ದಾರೆ. ನೀವು ನಾಲ್ಕನೆಯವರಾಗಬೇಡಿ. ಬಿಸಿ ಗಂಜಿ, ಹೆಸರುಕಾಳಿನ ಪಲ್ಯ, ಹಪ್ಪಳ, ಒಣಗಿದ ಬಟ್ಟೆ, ಸ್ನಾನಕ್ಕೆ ಚಿಲಕವಿರುವ ಬಾಗಿಲು. ಶೌಚಾಲಯ ಎಲ್ಲಿ, ರಾತ್ರಿ ಹೆದರಿಕೆಯಾದರೆ ಯಾರನ್ನು ಎಬ್ಬಿಸಬೇಕು, ಬೆಳಿಗ್ಗೆ ಎಷ್ಟು ಗಂಟೆಗೆ ಏನಾಗುತ್ತದೆ ಎಂಬುದನ್ನು ತೋರಿಸಿ ಹೇಳಿ. ಅಷ್ಟಾದರೆ ಆ ದಿನದ ಸಮಾಲೋಚನೆ ಮುಗಿಯಿತು.

5. ಚಿಕ್ಕ ಮಾತು ಕೊಡಿ, ನಡೆಸಿಕೊಡಿ

‘ನಿನ್ನನ್ನು ಯಾವತ್ತೂ ಬಿಟ್ಟುಹೋಗುವುದಿಲ್ಲ’ ಎನ್ನುವುದು ಹೊಸಬರು ಮಾಡುವ ಮೊದಲ ಅನಾಹುತ. ನಿಮ್ಮ ಗುತ್ತಿಗೆ ಹನ್ನೊಂದು ತಿಂಗಳಿನದಿರಬಹುದು, ಮನೆಯಲ್ಲಿ ಮದುವೆಯ ಮಾತು ನಡೆದಿರಬಹುದು. ಆ ಮಗುವಿಗೆ ಇಂಥ ಮಾತು ಹೊಸದಲ್ಲ; ಹೇಳಿದವರೆಲ್ಲ ಹೋಗಿದ್ದಾರೆ ಎಂಬುದೇ ಅದರ ಇಡೀ ಅನುಭವ. ‘ಬುಧವಾರ ನಾಲ್ಕು ಗಂಟೆಗೆ ಕೇರಂ ಆಡೋಣ’ ಎನ್ನಿ. ಬುಧವಾರ ನಾಲ್ಕಕ್ಕೆ ಬೋರ್ಡಿನ ಮುಂದೆ ಕುಳಿತಿರಿ. ಮಗು ಬಾರದಿದ್ದರೂ ಕುಳಿತಿರಿ. ಮುಂದಿನ ಬುಧವಾರವೂ.

ಮಕ್ಕಳು ನಿಮ್ಮನ್ನು ಪರೀಕ್ಷಿಸುತ್ತಾರೆ. ಬೈಯುತ್ತಾರೆ, ಕೊಟ್ಟ ಪುಸ್ತಕ ಹರಿಯುತ್ತಾರೆ, ಹಿಂದೆ ಇದ್ದ ಚೇಚಿಯೇ (ಅಕ್ಕನೇ) ಒಳ್ಳೆಯವಳು ಎನ್ನುತ್ತಾರೆ. ಇದನ್ನು ಕೃತಘ್ನತೆ ಎಂದುಕೊಂಡವರು ಮೂರನೇ ತಿಂಗಳಿಗೆ ರಾಜೀನಾಮೆ ಕೊಡುತ್ತಾರೆ. ಇವರೂ ಹೋಗುತ್ತಾರೋ ಎಂದು ಮಗು ತನ್ನ ರೀತಿಯಲ್ಲಿ ಕೇಳುತ್ತಿದೆ ಎಂದು ಅರಿತವರು ಉಳಿಯುತ್ತಾರೆ. ಬಿಟ್ಟುಹೋಗಲೇಬೇಕಾದಾಗ ಮುಂಚೆಯೇ ತಿಳಿಸಿ, ದಿನಾಂಕ ಹೇಳಿ, ವಿದಾಯ ಹೇಳಿ ಹೋಗಿ. ರಜೆಯ ನೆಪ ಹೇಳಿ ಮಾಯವಾಗುವುದು ಮಾತ್ರ ಬೇಡ.

6. ಕೈ ಎತ್ತಬೇಡಿ

‘ಒಂದೇಟು ಕೊಟ್ಟರೆ ಸರಿಹೋಗುತ್ತದೆ’ ಎನ್ನುವ ಹಿರಿಯರು ಎಲ್ಲ ಕಡೆ ಸಿಗುತ್ತಾರೆ. ಬಾಲನ್ಯಾಯ ಕಾಯ್ದೆಯ 82ನೇ ಕಲಂ ಪ್ರಕಾರ ಮಕ್ಕಳ ಸಂಸ್ಥೆಯಲ್ಲಿ ದೈಹಿಕ ಶಿಕ್ಷೆ ಅಪರಾಧ. ಮೊದಲ ಸಲ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಸೆರೆಯೂ ಆಗಬಹುದು. ಕೆಲಸ ಹೋಗುತ್ತದೆ, ಮಕ್ಕಳ ಜೊತೆ ಮತ್ತೆ ದುಡಿಯುವ ದಾರಿಯೂ ಮುಚ್ಚುತ್ತದೆ. ಸಿಬ್ಬಂದಿಯೇ ಕ್ರೌರ್ಯ ಎಸಗಿದರೆ 75ನೇ ಕಲಂ, 5 ವರ್ಷದವರೆಗೆ ಕಠಿಣ ಸಜೆ.

ಕಾನೂನು ಆಚೆಗಿರಲಿ. ಸಿಟ್ಟು ಬಂದಾಗ ಕೋಣೆಯಿಂದ ಹೊರಗೆ ಬಂದು ಸಹೋದ್ಯೋಗಿಯನ್ನು ಒಳಗೆ ಕಳಿಸುವ ಒಪ್ಪಂದ ಮೊದಲ ವಾರವೇ ಆಗಲಿ. ಊಟ ತಪ್ಪಿಸುವುದು, ಮನೆಗೆ ಫೋನ್ ಮಾಡಲು ಬಿಡದಿರುವುದು ಶಿಕ್ಷೆಯ ಪಟ್ಟಿಯಲ್ಲಿ ಇರಲೇಕೂಡದು.

7. ‘ಯಾರಿಗೂ ಹೇಳುವುದಿಲ್ಲ’ ಎಂದು ಭಾಷೆ ಕೊಡಬೇಡಿ

ಲೈಂಗಿಕ ದೌರ್ಜನ್ಯದ ವಿಷಯ ತಿಳಿದೂ ಪೊಲೀಸರಿಗೆ ಹೇಳದಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಆರು ತಿಂಗಳವರೆಗೆ ಸೆರೆಯಾಗಬಹುದು. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ‘ನಿನ್ನ ಸುರಕ್ಷತೆಗೆ ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ’ ಎನ್ನಿ. ಆಮೇಲೆ ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆದಿಡಿ. ಅದನ್ನು ಸಿಬ್ಬಂದಿ ಕೋಣೆಯ ಚಹಾದ ಜೊತೆ ಹಂಚುವಂತಿಲ್ಲ.

8. ಓಣಂ ದಾನಿಗಳನ್ನು ಬಾಗಿಲಲ್ಲೇ ಸಂಭಾಳಿಸಿ

ಕೇರಳದವರ ಧಾರಾಳತನ ದೊಡ್ಡದು. ಓಣಂ ಬಂತೆಂದರೆ ‘ಸದ್ಯ’ ಎಂಬ ಹಬ್ಬದೂಟ, ಪಾಯಸ, ಹೊಸ ಬಟ್ಟೆ. ಡಿಸೆಂಬರಿನಲ್ಲಿ ಕೇಕು. ನಡುವೆ ಯಾರದೋ ಹುಟ್ಟುಹಬ್ಬ, ಯಾರದೋ ಪುಣ್ಯತಿಥಿ. ಕೊಡುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಕಂಡೂ ಅರಿಯದವರ ಮುಂದೆ ಸಾಲಾಗಿ ನಿಂತು ಹಾಡು ಹೇಳಿ ಊಟ ಮಾಡುವುದು ಹದಿನೈದರ ಹುಡುಗಿಗೆ ಹೇಗಿರುತ್ತದೆ ಎಂದು ಅವಳ ಜಾಗದಲ್ಲಿ ನಿಂತು ನೋಡಿ.

ದಾನಿಗಳು ಬರಲಿ. ನಿಯಮ ಮೊದಲೇ ತಿಳಿಸಿ: ಮಕ್ಕಳ ಫೋಟೊ ಇಲ್ಲ, ವಿಡಿಯೊ ಇಲ್ಲ, ‘ಅಪ್ಪ ಅಮ್ಮ ಎಲ್ಲಿ’ ಎಂಬ ಪ್ರಶ್ನೆ ಇಲ್ಲ. ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ತರುವ ಅಪರಾಧ. ದಾನಿಯ ವಾಟ್ಸಾಪ್ ಸ್ಟೇಟಸ್ಸಿಗೂ ಅದು ಅನ್ವಯಿಸುತ್ತದೆ. ಬೇಜಾರು ಮಾಡಿಕೊಂಡವರಿಗೆ ಬೇರೆ ಕೆಲಸ ತೋರಿಸಿ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಕೊಡೆ, ಚಪ್ಪಲಿ ಬೇಕು. ಹತ್ತನೆಯ ತರಗತಿಯವರಿಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡುವವರು ಬೇಕು. ಒಂದು ದಿನದ ಪಾಯಸಕ್ಕಿಂತ ವರ್ಷವಿಡೀ ಬರುವ ಗಣಿತದ ಮೇಷ್ಟ್ರು ಮೇಲು.

9. ಕಾನೂನಿನೊಡನೆ ಸಂಘರ್ಷಕ್ಕಿಳಿದ ಮಕ್ಕಳಿಗೆ: ‘ಕಾವಲ್’ ಓದಿ

ತಿರುವನಂತಪುರದ ಪೂಜಪ್ಪುರ ಎಂದರೆ ಕೇರಳದವರಿಗೆ ಮೊದಲು ನೆನಪಾಗುವುದು ಸೆಂಟ್ರಲ್ ಜೈಲು. ಅದೇ ಪೂಜಪ್ಪುರದಲ್ಲಿ ವೀಕ್ಷಣಾಲಯವೂ ಇದೆ. ಕೊಚ್ಚಿಯ ಕಾಕ್ಕನಾಡಿನಲ್ಲಿ ಇನ್ಫೋಪಾರ್ಕಿನ ಗಾಜಿನ ಕಟ್ಟಡಗಳೂ ಸರ್ಕಾರಿ ಚಿಲ್ಡ್ರನ್ಸ್ ಹೋಮೂ ಜೈಲೂ ಒಂದೇ ಪೇಟೆಯವು. ವಿಳಾಸ ಹೇಳಲು ಮಕ್ಕಳು ಯಾಕೆ ಹಿಂಜರಿಯುತ್ತಾರೆ ಎಂಬುದು ಅಲ್ಲಿ ಆಟೋ ಹತ್ತಿದವರಿಗೆ ಗೊತ್ತಾಗುತ್ತದೆ.

ಈ ಮಕ್ಕಳಿಗಾಗಿ ಕೇರಳ 2016ರಲ್ಲಿ ಆರಂಭಿಸಿದ ‘ಕಾವಲ್’ ಯೋಜನೆಗೆ ತಾಂತ್ರಿಕ ಬೆಂಬಲ ಬೆಂಗಳೂರಿನ ನಿಮ್ಹಾನ್ಸ್‌ನದು. ಸಮಾಜಕಾರ್ಯಕರ್ತ ಮಗುವಿನ ಮನೆ, ಶಾಲೆ, ಗೆಳೆಯರ ನಡುವೆಯೇ ಓಡಾಡಿ ಮಗುವನ್ನು ಮತ್ತೆ ಊರಿನೊಳಗೆ ನಿಲ್ಲಿಸುವ ಕ್ರಮ ಅದು. ಮುಂದೆ ರಕ್ಷಣೆ ಬೇಕಾದ ಮಕ್ಕಳಿಗೂ ‘ಕಾವಲ್ ಪ್ಲಸ್’ ಬಂತು. ಮೊದಲ ಪ್ರಯೋಗ ತಿರುವನಂತಪುರ ಮತ್ತು ಪಾಲಕ್ಕಾಡ್‌ನಲ್ಲಿ. ನಿಮ್ಹಾನ್ಸ್‌ನಲ್ಲೇ 2020ರಿಂದ ‘ಸಂವಾದ್’ ಘಟಕವಿದ್ದು, ಮಕ್ಕಳೊಡನೆ ದುಡಿಯುವವರಿಗೆ ದೇಶಾದ್ಯಂತ ತರಬೇತಿ ಕೊಡುತ್ತದೆ. ರೈಲು ಹತ್ತುವ ಮೊದಲೇ, ನಮ್ಮ ಬೆಂಗಳೂರಿನಲ್ಲೇ ಕಲಿಯಬಹುದಾದ ವಿದ್ಯೆಯಿದು.

10. ಮಗುವನ್ನು ಮನೆಗೆ ಕಳಿಸುವುದೇ ನಿಮ್ಮ ಬಡ್ತಿ

ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯ ಎಂದು ಬಾಲನ್ಯಾಯ ಕಾಯ್ದೆಯ 3ನೇ ಕಲಮೇ ಹೇಳುತ್ತದೆ. ಆದರೂ ‘ನಮ್ಮಲ್ಲಿ ಇಷ್ಟು ಮಕ್ಕಳಿದ್ದಾರೆ’ ಎಂದು ಹೆಮ್ಮೆಪಡುವ ಸಂಸ್ಥೆಗಳಿವೆ. ಎಷ್ಟು ಮಕ್ಕಳು ಹಿಂದಿರುಗಿದರು ಎಂದು ಕೇಳಬೇಕು. ಅಪ್ಪ ಅಮ್ಮ ಇದ್ದೂ ಬಡತನದಿಂದಲೇ ಬಂದ ಮಗುವಾದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಮನೆಗೇ ಸಿಗುವ ದಾರಿಯಿದೆ. ಮನೆಯೇ ಇಲ್ಲದವರಿಗೆ ಬೇಸಿಗೆ ರಜೆಯಲ್ಲಿ ಒಂದು ಕುಟುಂಬದ ಜೊತೆ ಇರಲು ಕೇರಳದಲ್ಲಿ ರಜಾಕಾಲದ ಪೋಷಕತ್ವ ಯೋಜನೆ ನಡೆಯುತ್ತಿದೆ. ಯಾವ ಮಗುವಿಗೆ ಯಾವ ಮನೆ ಹೊಂದುತ್ತದೆ ಎಂಬುದು ಫೈಲಿನಲ್ಲಿ ಸಿಗುವ ಉತ್ತರವಲ್ಲ. ಅನ್ನ ಬಡಿಸುವ ಗೃಹಮಾತೆಯನ್ನು ಕೇಳಿ.

11. ಹದಿನೆಂಟಕ್ಕೆ ಹದಿನಾರರಲ್ಲೇ ತಯಾರಾಗಿ

ಹದಿನೆಂಟು ತುಂಬಿದ ದಿನ ಗೇಟಿನಾಚೆ ಕಾಲಿಡುವ ಹುಡುಗನ ಕೈಯಲ್ಲಿ ಏನಿರಬೇಕು? ಆಧಾರ್, ಜನನ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಅಂಕಪಟ್ಟಿ, ಅಕ್ಕಿ ಬೇಯಿಸುವ ವಿದ್ಯೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುವ ಒಬ್ಬ ದೊಡ್ಡವರು. ಇಷ್ಟೂ ಒಂದೇ ತಿಂಗಳಲ್ಲಿ ಆಗುವುದಿಲ್ಲ. ಸಂಸ್ಥೆ ಬಿಟ್ಟವರಿಗೆ ಕೊಡುವ ನೆರವು, ಅಂದರೆ ಅನುಪಾಲನೆ, 21ರವರೆಗೆ ಸಿಗುತ್ತದೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ವಿಸ್ತರಿಸಬಹುದು. ಮಗುವಿಗೆ ಅದು ಗೊತ್ತಿರುವುದಿಲ್ಲ, ಅರ್ಜಿ ಬರೆಯಬೇಕಾದವರು ನೀವು.

ಕೆಲಸ ಕೊಡಿಸುವುದಕ್ಕಿಂತ ಸೂರು ಹುಡುಕುವುದು ಕಷ್ಟ. 2017ರಲ್ಲಿ ಕೊಚ್ಚಿ ಮೆಟ್ರೊ ಲಿಂಗತ್ವ ಅಲ್ಪಸಂಖ್ಯಾತರಿಗೆ ನೌಕರಿ ಕೊಟ್ಟು ದೇಶದ ಮೆಚ್ಚುಗೆ ಪಡೆಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು, ಬಾಡಿಗೆಗೆ ಕೋಣೆ ಕೊಡುವವರು ಸಿಗಲಿಲ್ಲ. ‘ಊರು ಯಾವುದು, ಮನೆಯವರು ಯಾರು’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಹುಡುಗನಿಗೂ ಅದೇ ಗತಿ. ಮನೆ ಮಾಲೀಕರ ಮುಂದೆ ಅವನ ಪಕ್ಕದಲ್ಲಿ ನಿಲ್ಲುವುದೂ ನಿಮ್ಮ ಕೆಲಸವೇ, ಯಾವ ನೇಮಕಾತಿ ಆದೇಶದಲ್ಲೂ ಅದು ಬರೆದಿರುವುದಿಲ್ಲ.

ಹೊರಡುವವರಿಗೆ ಇನ್ನೊಂದು ಮಾತು. ಹುದ್ದೆಗಳು ಹೆಚ್ಚಾಗಿ ಗುತ್ತಿಗೆಯವು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳ ಪ್ರಕಟಣೆಗಳನ್ನೂ, ನಿರ್ಭಯ ಹೋಂಗಳನ್ನು ನಡೆಸುವ ಕೇರಳ ಮಹಿಳಾ ಸಮಖ್ಯ ಸೊಸೈಟಿಯ ಪ್ರಕಟಣೆಗಳನ್ನೂ ನೋಡುತ್ತಿರಿ. ಪೊಲೀಸ್ ಪರಿಶೀಲನಾ ಪತ್ರ ಈಗಲೇ ಮಾಡಿಸಿಡಿ, ಅದು ಸಿಗಲು ಹೊತ್ತು ಹಿಡಿಯುತ್ತದೆ. ಒಂದು ವರ್ಷವಾದರೂ ನಿಲ್ಲುವ ಮನಸ್ಸಿಲ್ಲದಿದ್ದರೆ ದಯವಿಟ್ಟು ಅರ್ಜಿ ಹಾಕಬೇಡಿ.