ಕಾಫಿಯನ್ನು ಹಡಗಿಗೇರಿಸುವ ಮುನ್ನ

ಸಕಲೇಶಪುರ, ಆಲೂರು ಕಡೆಯ ಬೆಳೆಗಾರರೇ, ಇಡೀ ಬೆಳೆಯನ್ನು ನಾವೇ ಮಾರುವ ಸ್ವಾತಂತ್ರ್ಯ 1996ರಿಂದ ನಮಗಿದೆ. ವಿದೇಶಕ್ಕೆ ನೇರವಾಗಿ ಕಳಿಸುವ ಉಮೇದಿದ್ದರೆ ಸಂತೋಷ. ಆದರೆ ಲಾರಿ, ಕಸ್ಟಮ್ಸ್, ಹಡಗು ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳಬೇಡಿ. ಅದನ್ನು ಪಳಗಿದ ಸಾಗಣೆ ಏಜೆನ್ಸಿಗೆ ವಹಿಸಿ, ನೀವು ಕಣದ ಮೇಲೆ ಕಣ್ಣಿಡಿ.

ಏಜೆನ್ಸಿ ಆರಿಸುವಾಗ ದರವೊಂದನ್ನೇ ನೋಡಬೇಡಿ. ಕಾಫಿ ಸಾಗಿಸಿದ ಅನುಭವವಿದೆಯೇ ಕೇಳಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ ಬದಲಿ ದಾರಿ ಯಾವುದು, ಮಂಗಳೂರು ಬಂದರಿನಲ್ಲಿ ಕಂಟೇನರ್ ತಡವಾದರೆ ಬಾಡಿಗೆ ಯಾರ ತಲೆಗೆ ಎಂಬುದನ್ನು ಬರೆಸಿಕೊಳ್ಳಿ. 20 ಅಡಿ ಕಂಟೇನರಿನಲ್ಲಿ 60 ಕೆ.ಜಿ.ಯ ಸುಮಾರು 320 ಚೀಲ ಹಿಡಿಯುತ್ತವೆ. ಅಷ್ಟು ಬೆಳೆ ಇಲ್ಲದಿದ್ದರೆ ನೆರೆತೋಟದವರ ಜೊತೆ ಸೇರಿ ತುಂಬಿಸಿ.

ತುಂಬುವ ಮುನ್ನ ಕಂಟೇನರಿನ ಒಳಹೊಕ್ಕು, ಬಾಗಿಲು ಮುಚ್ಚಿಸಿ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲಿ ನೀರೂ ಇಳಿಯುತ್ತದೆ. ವಾಸನೆ ಬಂದರೆ ಬೇರೆಯದನ್ನು ಕೇಳಿ; ಕಾಫಿ ವಾಸನೆ ಹೀರಿಕೊಳ್ಳುತ್ತದೆ.

ಕೆಲಸ ವಹಿಸಿಕೊಟ್ಟರೂ ಹೊಣೆ ನಿಮ್ಮದೇ. ಕಾಫಿ ಮಂಡಳಿಯ ಪರ್ಮಿಟ್, ವಿಮೆ, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕು ರಸೀದಿ) ಎಲ್ಲದರ ನಕಲು ನಿಮ್ಮ ಫೈಲಿನಲ್ಲಿರಲಿ. ಮೊದಲ ವರ್ಷ ಒಂದೇ ಕಂಟೇನರ್ ಕಳಿಸಿ. ಏಜೆನ್ಸಿಯ ಮಾತು, ಲೆಕ್ಕ ಎರಡೂ ಸರಿ ಕಂಡರೆ ಮಾತ್ರ ದೀರ್ಘ ಒಪ್ಪಂದಕ್ಕೆ ಸಹಿ ಹಾಕಿ.