ಎರಡನೇ ಬ್ರೇಕು

ಮಗಾ, ದೀಪಾವಳಿಗೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಅವತ್ತು ನೀನಾಡಿದ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಊಟ ಮುಗಿಸಿ ನಿನ್ನ ಕೋಣೆಗೆ ಬಂದೆ. ಮೇಜಿಗೆ ಬಿಗಿದ ಸ್ಟೇರಿಂಗು, ಕೆಳಗೆ ಮೂರು ಪೆಡಲು. "ಮಾವ, ಒಂದು ಕೈ ನೋಡಿ" ಅಂದೆ ನೀನು. ನಾನು ಕೂತೆ. ಬ್ರೇಕು ಒತ್ತಿದಾಗ ಚಕ್ರ ಬಿಗಿಯದಂತೆ ನೋಡಿಕೊಳ್ಳುವ ಎಬಿಎಸ್ಸು, ವೇಗ ಕೊಟ್ಟಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ಕಂಟ್ರೋಲು, ರಸ್ತೆಯ ಮೇಲೆ ದಾರಿ ತೋರಿಸುವ ಬಣ್ಣದ ಗೆರೆ, ಏನೇನು ಸಹಾಯ ಇತ್ತೋ ಅಷ್ಟನ್ನೂ ಹಾಕಿಕೊಂಡೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇಪ್ಪತ್ತೇಳು ವರ್ಷ ಡ್ರೈವಿಂಗ್ ಕಲಿಸಿದೋರು ನೀವು! ಇದೆಲ್ಲ ಆನ್ ಮಾಡ್ಕೊಂಡ್ರೆ ಸಿಮ್ಯುಲೇಟರ್ ಅಲ್ಲ ಮಾವ, ಮಕ್ಕಳಾಟ."

ಅಷ್ಟರಲ್ಲಿ ನಿಮ್ಮಮ್ಮ ಕಜ್ಜಾಯದ ತಟ್ಟೆ ಹಿಡಿದು ಬಂದಳು, ಮಾತು ಅಲ್ಲಿಗೇ ನಿಂತಿತು. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಬೈಗುಳ ಅಂದುಕೊಳ್ಳಬೇಡ, ಕಿವಿಮಾತು ಅಂದುಕೋ.

ನಮ್ಮ ಡ್ರೈವಿಂಗ್ ಸ್ಕೂಲಿನ ಮಾರುತಿ 800 ನಿನಗೆ ನೆನಪಿರಬೇಕು. ಚಿಕ್ಕವನಿದ್ದಾಗ ಹಾಸನಕ್ಕೆ ಬಂದರೆ ಅದರ ಎಡಗಡೆ ಸೀಟಿಗೆ ಹತ್ತಿ, ಕೆಳಗಿದ್ದ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕನ್ನು ತುಳಿಯುತ್ತಿದ್ದೆ. ಅವು ಕಲಿಸುವವನ ಕಾಲಿಗೆ. ಕಲಿಯುವವರಿಗೆ ಮೊದಲ ವಾರ ಕಾರನ್ನು ತಾವೇ ನಿಲ್ಲಿಸುತ್ತಿದ್ದೇವೆ ಎಂಬ ಭ್ರಮೆ. ಅರ್ಧ ಬ್ರೇಕು ನನ್ನದೇ ಆಗಿರುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ. ಹದಿನೈದನೇ ದಿನದ ಹೊತ್ತಿಗೆ ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದೆ, ಅದನ್ನೂ ಹೇಳುತ್ತಿರಲಿಲ್ಲ.

ಒಬ್ಬರು ಟೀಚರಮ್ಮ ಇದ್ದರು. ನಿವೃತ್ತಿಯಾದ ಮೇಲೆ ಕಲಿಯಲು ಬಂದವರು, ಕ್ಲಚ್ಚು ಬಿಡುವುದಕ್ಕೂ ದೇವರ ಹೆಸರು ಹೇಳುತ್ತಿದ್ದರು. ಒಂದು ದಿನ ಎನ್.ಆರ್. ಸರ್ಕಲ್ ಹತ್ತಿರ ಹಸುವೊಂದು ಅಡ್ಡ ಬಂತು. ಕಾರು ಎರಡು ಅಡಿ ಮುಂಚೆ ನಿಂತಿತು. ಅವರು ನನ್ನ ಕಡೆ ತಿರುಗಿ, "ನೀವು ಒತ್ತಿದ್ರಾ ಸಾರ್?" ಅಂದರು. "ಇಲ್ಲ ಮೇಡಂ" ಅಂದೆ. ಆ ಮುಖದಲ್ಲಿ ಮೂಡಿದ ಬೆಳಕು ನೋಡಬೇಕಿತ್ತು ನೀನು. ಮೊದಲ ದಿನವೇ ನನ್ನ ಬ್ರೇಕು ಕಿತ್ತುಹಾಕಿ "ಇದೇ ನಿಜವಾದ ಡ್ರೈವಿಂಗು" ಅಂದಿದ್ದರೆ, ಆ ಹಸುವಿನ ಗತಿ ಏನಾಗುತ್ತಿತ್ತು?

ನಿನ್ನ ಆಟದ ಸಹಾಯಗಳೂ ಆ ಎರಡನೇ ಬ್ರೇಕೇ. ನಾಚಿಕೆ ಪಡುವಂಥದ್ದಲ್ಲ, ಹಾಗೆಂದು ಕೊನೆತನಕ ಇಟ್ಟುಕೊಳ್ಳುವಂಥದ್ದೂ ಅಲ್ಲ. ಇದನ್ನು ನನಗೆ ಹೇಳಿಕೊಟ್ಟದ್ದೂ ಒಂದು ಆಟವೇ. ಸ್ಕೂಲಿನ ಲೆಕ್ಕ ಬರೆಯಲೆಂದು ತಂದ ಕಂಪ್ಯೂಟರಿನಲ್ಲಿ ಒಬ್ಬ ಶಿಷ್ಯ ಜೆಫ್ ಕ್ರ್ಯಾಮಂಡ್ ಎಂಬಾತನ 'ಫಾರ್ಮುಲಾ ಒನ್ ಗ್ರಾಂಡ್ ಪ್ರೀ' ಹಾಕಿಕೊಟ್ಟ. 1991ರದು. ಅದರಲ್ಲಿ ಸಹಾಯಗಳು ಆರು, ಒಂದೊಂದಕ್ಕೆ ಒಂದೊಂದು ಕೀ: ತಾನೇ ಬ್ರೇಕು ಹಾಕುವುದು, ತಾನೇ ಗೇರು ಬದಲಿಸುವುದು, ಸುತ್ತು ಹೊಡೆದ ಕಾರನ್ನು ನೆಟ್ಟಗೆ ಮಾಡುವುದು, ಹೀಗೆ. ಮೇಲಿನ ಹಂತಕ್ಕೆ ಹೋದಂತೆಲ್ಲ ಅದೇ ಒಂದೊಂದನ್ನು ಕಿತ್ತುಕೊಳ್ಳುತ್ತಿತ್ತು. ಲೆಕ್ಕದ ಪುಸ್ತಕ ಹಿಂದೆ ಬಿತ್ತು, ಪಾಠ ಮುಂದೆ ಹೋಯಿತು.

ಈಗ ನಿನ್ನ 'ನಿಜ'ದ ವಿಚಾರಕ್ಕೆ ಬರುತ್ತೇನೆ. ಎಲ್ಲ ಆಫ್ ಮಾಡಿದರೆ ನಿಜ ಅಂದೆಯಲ್ಲ, ಯಾವ ಕಾರು ಎಂದು ಕೇಳಬೇಕಲ್ಲವಾ ಮೊದಲು? 1993ರಲ್ಲಿ ಪ್ರಾಸ್ಟ್ ಎಂಬಾತ ಫಾರ್ಮುಲಾ ಒನ್ ಚಾಂಪಿಯನ್ ಆದ ವಿಲಿಯಮ್ಸ್ ಕಾರಿನಲ್ಲಿ ಎಬಿಎಸ್ಸೂ ಇತ್ತು, ಟ್ರ್ಯಾಕ್ಷನ್ ಕಂಟ್ರೋಲೂ ಇತ್ತು. ಮರುವರ್ಷವೇ ಫಾರ್ಮುಲಾ ಒನ್ ಅವನ್ನು ನಿಷೇಧಿಸಿತು. 2001ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲು ಮತ್ತೆ ಬಂತು, 2008ರಲ್ಲಿ ಮತ್ತೆ ಹೋಯಿತು. ಇನ್ನು ನಿನಗೆ ಇಷ್ಟವಾದ ಜಿಟಿ3 ರೇಸ್ ಕಾರುಗಳಲ್ಲಿ ಇವತ್ತಿಗೂ ಎರಡೂ ಇವೆ. ಆ ಚಾಲಕರು ಮಳೆಗೊಂದು ಅಳತೆ, ಬಿಸಿಲಿಗೊಂದು ಅಳತೆ ಎಂದು ಸ್ಟೇರಿಂಗಿನ ಮೇಲಿನ ಗುಂಡಿ ತಿರುಗಿಸಿಕೊಳ್ಳುತ್ತಾರೆ. ಇಟಲಿಯ ಕೂನೋಸ್ ಕಂಪನಿ 2019ರಲ್ಲಿ ತಂದ 'ಅಸೆಟ್ಟೊ ಕೊರ್ಸಾ ಕಾಂಪೆಟಿಟ್ಸಿಯೋನೆ' ಆಟದಲ್ಲೂ ಅವು ಕಾರಿನದೇ ಅಂಗ. ಅಂಥ ಕಾರಿನಲ್ಲಿ ಎಬಿಎಸ್ ಆಫ್ ಮಾಡಿ ಎದೆ ತಟ್ಟಿಕೊಂಡರೆ ನೀನು ನಿಜದಿಂದ ದೂರ ಹೋದೆ ಮಗಾ, ಹತ್ತಿರ ಬರಲಿಲ್ಲ. ಕಷ್ಟವಾದದ್ದೆಲ್ಲ ನಿಜವಲ್ಲ.

ಇನ್ನೊಂದು ಸಂಗತಿ ಇದೆ, ಇದು ಇಪ್ಪತ್ತೇಳು ವರ್ಷ ಎಡಗಡೆ ಸೀಟಿನಲ್ಲಿ ಕೂತವನ ಅನುಭವ. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಕಾರಿನ ಹಿಂಭಾಗ ಜಾರಿದರೆ ಮೊದಲು ಗೊತ್ತಾಗುವುದು ಸೊಂಟಕ್ಕೆ. ಕಣ್ಣಿಗೆ ಆಮೇಲೆ. ನಿನ್ನ ಕೋಣೆಯ ಕುರ್ಚಿ ಸೊಂಟಕ್ಕೆ ಏನನ್ನೂ ಹೇಳುವುದಿಲ್ಲ. ಸ್ಟೇರಿಂಗಿನ ಅದುರಾಟ ಕೈಗೆ ಒಂದಿಷ್ಟು ಸುದ್ದಿ ಮುಟ್ಟಿಸುತ್ತದೆ, ಟೈರಿನ ಚೀರಾಟ ಕಿವಿಗೆ ಮುಟ್ಟಿಸುತ್ತದೆ. ಉಳಿದದ್ದನ್ನೆಲ್ಲ ಪರದೆ ನೋಡಿ ಊಹಿಸಬೇಕು. ದೇಹಕ್ಕೆ ಸಿಗದ ಆ ಸುದ್ದಿಯ ಜಾಗವನ್ನು ಬಣ್ಣದ ಗೆರೆಯೋ ಟ್ರ್ಯಾಕ್ಷನ್ ಕಂಟ್ರೋಲೋ ಸ್ವಲ್ಪ ತುಂಬಿದರೆ ಅದನ್ನು ಮೋಸ ಅನ್ನುವುದು ಹೇಗೆ? ಗೇಮ್‌ಪ್ಯಾಡಿನ ಪುಟ್ಟ ಕಡ್ಡಿ ತಳ್ಳಿ ಆಡುವ ನಿನ್ನ ತಂಗಿಯನ್ನಂತೂ ಆಡಿಕೊಳ್ಳಲೇಬೇಡ. ಅವಳ ಹೆಬ್ಬೆರಳು ಓಡುವ ದೂರ ಒಂದು ಇಂಚೂ ಇಲ್ಲ, ನಿನ್ನ ಪೆಡಲು ಅಂಗೈ ಅಗಲ ಓಡುತ್ತದೆ.

ಹಾಗಾದರೆ ಯಾವುದನ್ನು ಯಾವಾಗ ತೆಗೆಯಬೇಕು? ನಾನಾದರೆ ಹೀಗೆ ಕಲಿಸುತ್ತೇನೆ. ತಾನೇ ಬ್ರೇಕು ಹಾಕುವ, ತಾನೇ ಸ್ಟೇರಿಂಗು ತಿರುಗಿಸುವ ಸಹಾಯವನ್ನು ಮೊದಲು ತೆಗೆ, ಅವು ನಿನ್ನ ಕೆಲಸವನ್ನೇ ಕಿತ್ತುಕೊಳ್ಳುತ್ತವೆ. ಆಮೇಲೆ ಗೆರೆಯನ್ನು ಬ್ರೇಕು ಹಾಕುವ ಜಾಗಕ್ಕೆ ಮಾತ್ರ ಉಳಿಸಿಕೋ. ಕಣ್ಣು ಗೆರೆಗೆ ಅಂಟಿಕೊಂಡರೆ ನೂರು ಮೀಟರಿನ ಫಲಕವೂ ಕಾಣುವುದಿಲ್ಲ, ತಿರುವಿನ ಒಳಅಂಚೂ ಕಾಣುವುದಿಲ್ಲ. ಫಲಕ ನೋಡಿ ಬ್ರೇಕು ಹಾಕಲು ಬಂದ ದಿನ ಗೆರೆ ಅಳಿಸು. ಅದಾದ ಮೇಲೆ ಸ್ಟೆಬಿಲಿಟಿ ಕಂಟ್ರೋಲು, ನಂತರ ಟ್ರ್ಯಾಕ್ಷನ್ನು, ಎಬಿಎಸ್ ಎಲ್ಲಕ್ಕಿಂತ ಕೊನೆಗೆ, ಅದೂ ನಿಜದಲ್ಲೇ ಎಬಿಎಸ್ ಇಲ್ಲದ ಕಾರಿನಲ್ಲಿ ಮಾತ್ರ. ಅಲ್ಲಿಯವರೆಗೂ ಅದೇ ಕಾರು, ಅದೇ ಟ್ರ್ಯಾಕು. ಹತ್ತು ಸುತ್ತು ಹೊಡೆದರೆ ಹತ್ತರ ಸಮಯವೂ ಅರ್ಧ ಸೆಕೆಂಡಿನ ವ್ಯತ್ಯಾಸದೊಳಗೆ ಬರಬೇಕು. ಒಂದೇ ಒಂದು ಮಿಂಚಿನ ಸುತ್ತು, ಉಳಿದ ಒಂಬತ್ತು ಹುಲ್ಲಿನ ಮೇಲೆ ಅಂದರೆ ಮುಂದಿನ ಸಹಾಯ ತೆಗೆಯುವ ಕಾಲ ಬಂದಿಲ್ಲ.

ಟೈರಿನ ಲೆಕ್ಕ ಒಂದನ್ನು ನೆನಪಿಟ್ಟುಕೋ. ಅದರ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ. ಪೂರ್ತಿ ಬ್ರೇಕಿಗೆ ಖರ್ಚು ಮಾಡಿದರೆ ತಿರುವಿಗೆ ಉಳಿಯುವುದಿಲ್ಲ. ತಿರುಗುತ್ತ ತಿರುಗುತ್ತ ಬ್ರೇಕನ್ನು ಮೆಲ್ಲಗೆ ಬಿಟ್ಟರೆ, ಬಿಟ್ಟಷ್ಟೂ ತಿರುವಿಗೆ ಸಿಗುತ್ತದೆ. ಎಬಿಎಸ್ ಅತಿ ಖರ್ಚಿನ ಸಾಲವನ್ನು ಮುಚ್ಚಿಡುತ್ತದೆ, ತೀರಿಸುವುದಿಲ್ಲ.

ಇನ್ನು ನಿನ್ನದೂ ನಿನ್ನ ಗೆಳೆಯನದೂ ಜಗಳ. ನೀನು ಗ್ರಾನ್ ಟುರಿಸ್ಮೋ ಆಟದ ಕಡೆ, ಅವನು ಫೋರ್ಝಾ ಆಟದ ಕಡೆ, ಮೂರು ದಿನ ಮಾತು ಬಿಟ್ಟಿದ್ದಿರಂತೆ. ಎಮ್ಮೆಗೆ ಸಂಬಂಧವಿಲ್ಲದವರು ಹಾಲಿಗೆ ಜಗಳ ಆಡಿದಂತಾಯಿತು. ಕಝುನೋರಿ ಯಮೌಚಿಯ ತಂಡ 1997ರಲ್ಲಿ ಜಪಾನಿನಲ್ಲಿ ಗ್ರಾನ್ ಟುರಿಸ್ಮೋ ತಂದಾಗ ಮನೆಯ ಟಿವಿಗೆ ಅಂಥ ಕಾರು ಹೊಸತು. ಲೈಸೆನ್ಸ್ ಪರೀಕ್ಷೆ ಪಾಸಾಗದೆ ದೊಡ್ಡ ರೇಸಿಗೆ ಬಿಡುತ್ತಿರಲಿಲ್ಲ, ನನಗೆ ಅದೇ ಬಹಳ ಹಿಡಿಸಿತ್ತು. ಆದರೆ ಗೋಡೆಗೆ ಗುದ್ದಿದರೂ ಕಾರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. 2005ರಲ್ಲಿ ಬಂದ ಫೋರ್ಝಾದಲ್ಲಿ ಗುದ್ದಿದರೆ ಕಾರು ಜಖಂ ಆಗುತ್ತಿತ್ತು, ದೂರದೂರಿನವರ ಜೊತೆ ಆಡಲೂ ಬರುತ್ತಿತ್ತು. ಗ್ರಾನ್ ಟುರಿಸ್ಮೋದಲ್ಲಿ ಕಾರು ನುಗ್ಗಾದದ್ದು 2010ರ ಐದನೇ ಆಟದಲ್ಲಿ. ಮುಂದಿನ ಫೋರ್ಝಾಗಳು ಸಹಾಯ ತೆಗೆದಷ್ಟೂ ಬಹುಮಾನದ ಹಣ ಹೆಚ್ಚು ಕೊಟ್ಟವು. ಬೆತ್ತ ಹಿಡಿಯದೆ ಕಲಿಸುವ ಜಾಣತನ ಅದು. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ತಂದಿತು. ಅಂಗಡಿಗಳು ಪೈಪೋಟಿ ಮಾಡಲಿ, ಗಿರಾಕಿಗೆ ಲಾಭ. ಗಿರಾಕಿಗಳೇ ಬಡಿದಾಡಿಕೊಂಡರೆ ಯಾರಿಗೆ ಲಾಭ?

'ಇವೆರಡೂ ಬೊಂಬೆಯಾಟ, ಪಿಸಿಯಲ್ಲಿ ಇರುವುದೇ ಅಸಲಿ' ಅನ್ನುವ ಮೂರನೇ ಪಂಗಡವೂ ಇದೆ. ಅವರಿಗೂ ಒಂದು ಮಾತು. ಡೇವ್ ಕೆಮರ್ ಎಂಬಾತ 1989ರಲ್ಲಿ 'ಇಂಡಿಯಾನಾಪೊಲಿಸ್ 500' ಎಂಬ ಆಟ ಮಾಡಿದ. 1998ರಲ್ಲಿ 'ಗ್ರಾಂಡ್ ಪ್ರೀ ಲೆಜೆಂಡ್ಸ್' ತಂದ. ಅದು 1967ರ ಫಾರ್ಮುಲಾ ಒನ್: ಕಾರಿಗೆ ರೆಕ್ಕೆ ಇಲ್ಲ, ಟೈರಿಗೆ ಹಿಡಿತ ಇಲ್ಲ, ಹೊಸಬ ಮೊದಲ ತಿರುವು ದಾಟಿದರೆ ಹಬ್ಬ. 2008ರಲ್ಲಿ ಅದೇ ಮನುಷ್ಯನ 'ಐರೇಸಿಂಗ್' ಬಂತು. ಅದರಲ್ಲಿ ಕಾರಿಗೆ ಕಾರು ತಾಗಿದರೆ ಇಬ್ಬರ ಲೆಕ್ಕಕ್ಕೂ ತಪ್ಪಿನ ಅಂಕ ಬೀಳುತ್ತದೆ, ಯಾರ ತಪ್ಪು ಎಂದು ಕೇಳುವುದೇ ಇಲ್ಲ. ಅನ್ಯಾಯ ಅನ್ನಿಸುತ್ತದೆ. ಆದರೆ ಕಾರು ಎಷ್ಟು ನಿಜವಾಗಿ ಜಾರಬೇಕು ಎಂದು ಜೀವಮಾನವೆಲ್ಲ ತಲೆ ಕೆಡಿಸಿಕೊಂಡವನ ಆಟದಲ್ಲೇ ಪಕ್ಕದವನಿಗೆ ಜಾಗ ಬಿಡುವುದನ್ನೂ ಹೀಗೆ ಕಲಿಸಬೇಕಾಗಿ ಬಂದದ್ದನ್ನು ನೋಡು. ಟೈರಿನ ನಿಜ ಸಾಲಲಿಲ್ಲ.

ಯಂತ್ರಕ್ಕೂ ಅದೇ ಪಾಠವಾಯಿತು. ಸೋನಿಯವರು ಗ್ರಾನ್ ಟುರಿಸ್ಮೋಗೆ 'ಸೋಫಿ' ಎಂಬ ಕೃತಕ ಚಾಲಕಿಯನ್ನು ಮಾಡಿದರು. 2021ರ ಜುಲೈಯಲ್ಲಿ ಒಂಟಿಯಾಗಿ ಓಡಿಸಿದಾಗ ಜಗತ್ತಿನ ಅತ್ಯುತ್ತಮ ಆಟಗಾರರನ್ನು ಸೋಲಿಸಿದ ಅದು, ಗುಂಪಿನ ರೇಸಿನಲ್ಲಿ ಅವರಿಗೇ ಸೋತಿತು. ವೇಗ ಇತ್ತು, ಜನರ ನಡುವೆ ಓಡಿಸುವ ಹದ ಇರಲಿಲ್ಲ. ಡಿಕ್ಕಿಗೆ ದಂಡ ಹೆಚ್ಚಾದರೆ ಅಂಜುಬುರುಕ, ಕಡಿಮೆಯಾದರೆ ಪುಂಡ. ಆ ಹದ ಕಲಿಸಿದ ಮೇಲೆ ಅಕ್ಟೋಬರಿನಲ್ಲಿ ಗೆದ್ದಿತು.

ಈಗ ನೇರವಾಗಿ ಹೇಳುತ್ತೇನೆ. ಅವತ್ತು ನಾನು ಎದ್ದ ಮೇಲೆ ನೀನು ಮೋಂಜಾ ಟ್ರ್ಯಾಕಿನಲ್ಲಿ ಓಡಿಸಿದೆ. ಮೊದಲ ಇಕ್ಕಟ್ಟಿನ ತಿರುವಿನಲ್ಲಿ ಬ್ರೇಕು ತಡವಾಯಿತು. ಮುಂದಿನವನ ಹಿಂಬದಿಗೆ ಗುದ್ದಿ, ಅವನನ್ನೇ ಗೋಡೆ ಮಾಡಿಕೊಂಡು ತಿರುಗಿದೆ. ಅವನು ಜಲ್ಲಿಗೆ ಹೋದ. ನೀನು "ಆಟ ತಾನೇ" ಅಂದೆ. ಎಲ್ಲ ಸಹಾಯ ಆಫ್ ಮಾಡಿ 'ನಿಜ, ನಿಜ' ಅನ್ನುತ್ತಿದ್ದವನ ಬಾಯಲ್ಲೇ ಆ ಮಾತು ಬಂತು.

'ಆಟ ತಾನೇ' ಅನ್ನುವುದು ಎಲ್ಲಿಗೆ ಒಯ್ಯುತ್ತದೆ ನೋಡು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿಗೆ, ಫಾರ್ಮುಲಾ ಇ ಚಾಲಕ ಡೇನಿಯಲ್ ಆಬ್ಟ್ ಆನ್‌ಲೈನ್ ರೇಸಿನಲ್ಲಿ ತನ್ನ ಹೆಸರಲ್ಲಿ ಬೇರೊಬ್ಬ ಪಳಗಿದ ಆಟಗಾರನನ್ನು ಕೂರಿಸಿದ. ಗೊತ್ತಾಯಿತು. ಹತ್ತು ಸಾವಿರ ಯೂರೋ ದಂಡ ಧರ್ಮಕಾರ್ಯಕ್ಕೆ ಹೋಯಿತು. ಅವನ ತಂಡದ ಆಡಿ ಕಂಪನಿ ಅವನನ್ನು ಅಮಾನತು ಮಾಡಿತು. ರೇಸು ಪರದೆಯದು, ಹೋದ ಸೀಟು ನಿಜದ್ದು.

ಇನ್ನೊಂದು ಕಥೆ ಬರೆಯಲು ಕೈ ಹಿಂಜರಿಯುತ್ತದೆ. ಯಾನ್ ಮಾರ್ಡನ್‌ಬರೋ ನಿನ್ನ ಹೀರೋ. 2011ರಲ್ಲಿ ನಿಸ್ಸಾನ್ ಮತ್ತು ಸೋನಿ ನಡೆಸಿದ ಜಿಟಿ ಅಕಾಡೆಮಿ ಗೆದ್ದು, ಆಟದ ಕುರ್ಚಿಯಿಂದ ಎದ್ದು ನಿಜದ ಕಾರಿಗೆ ಹತ್ತಿದ. 2013ರ ಲ ಮಾನ್ 24 ಗಂಟೆಯ ರೇಸಿನಲ್ಲಿ ತನ್ನ ವರ್ಗದಲ್ಲಿ ಮೂರನೆಯದಾದ ತಂಡದಲ್ಲಿದ್ದ. 2023ರಲ್ಲಿ ಸಿನಿಮಾ ಆಗುವವರೆಗೆ ಅವನ ಹೆಸರು ಹೋಯಿತು. ಆದರೆ 2015ರ ಮಾರ್ಚ್‌ನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ ಏರು ಹತ್ತಿದ ಅವನ ಕಾರು ಗಾಳಿಗೆ ಮೂತಿ ಎತ್ತಿ ಬೇಲಿ ದಾಟಿತು. ಅಲ್ಲಿ ನಿಂತು ನೋಡುತ್ತಿದ್ದ ಒಬ್ಬರು ತೀರಿಕೊಂಡರು. ಅವನು ಯಾರಿಗೂ ಬೇಕೆಂದು ಗುದ್ದಿರಲಿಲ್ಲ. ಅದೇ ರಸ್ತೆ, ಅದೇ ಏರು ನಿನ್ನ ಆಟದಲ್ಲೂ ಇದೆ, ಸುಂದರವಾಗಿದೆ. ಅಲ್ಲಿ ಹಾರಿ ಬಿದ್ದರೆ ಗುಂಡಿ ಒತ್ತಿ ಮತ್ತೆ ಶುರು ಮಾಡುತ್ತೀಯ. ಅವನಿಗೆ ಆ ಗುಂಡಿ ಇರಲಿಲ್ಲ.

ಆಟ ಬಿಡು ಎಂದು ಹೇಳುತ್ತಿಲ್ಲ ಮಗಾ. ಹದಿನೆಂಟು ತುಂಬುವ ಮೊದಲೇ ನಿನಗೆ ಟೈರಿನ ಲೆಕ್ಕ ಗೊತ್ತಾಗಿದೆ, ನನ್ನ ಶಿಷ್ಯರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿರಲಿಲ್ಲ. ಖುಷಿಯಿಂದ ಆಡು. ಒಂದೇ ಒಂದು ಸಹಾಯವನ್ನು ಮಾತ್ರ ಎಂದೂ ಆಫ್ ಮಾಡಬೇಡ: ಮುಂದಿರುವ ಕಾರಿನೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ ಎನ್ನುವ ಎಚ್ಚರ. ಅದಕ್ಕೆ ಯಾವ ಕಂಪನಿಯೂ ಗುಂಡಿ ಇಟ್ಟಿಲ್ಲ, ಪಾದದಲ್ಲೇ ಇಟ್ಟುಕೊಳ್ಳಬೇಕು.

ಯುಗಾದಿಗೆ ಹಾಸನಕ್ಕೆ ಬಾ. ಲೈಸೆನ್ಸಿಗೆ ಅರ್ಜಿ ಹಾಕಿಸೋಣ, ಹಳೇ ಮಾರುತಿಯನ್ನು ಶೆಡ್ಡಿನಿಂದ ಹೊರಗೆ ತೆಗೆದಿರುತ್ತೇನೆ. ಎನ್.ಆರ್. ಸರ್ಕಲ್ಲಿನಲ್ಲಿ ಹಸುಗಳು ಈಗಲೂ ಇವೆ. ನಾನು ಎಡಗಡೆ ಕೂತಿರುತ್ತೇನೆ, ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡಿದ್ದೇನೋ ಇಲ್ಲವೋ ಹೇಳುವುದಿಲ್ಲ.